ಬಳ್ಳಾರಿಯಲ್ಲಿ ಏರ್ ರೈಫಲ್‌ಗೆ ಗಾಳಿ: ಕೈ ಪಂಪೋ, ಸಿಲಿಂಡರೋ, ಕಂಪ್ರೆಸರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈ ಪಂಪಿಗೆ. ಬಳ್ಳಾರಿಯಲ್ಲಿ ಇದ್ದುಕೊಂಡು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಸಿಕ್ಕಿಲ್ಲ.

ಹೊರದೇಶಗಳಲ್ಲಿ ಹವ್ಯಾಸಿಗಳು ಖಾಲಿ ತೋಟಾಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿ ಖರ್ಚು ಉಳಿಸುತ್ತಾರೆ. ನಮ್ಮಲ್ಲಿ ತೋಟಾ ತಯಾರಿಸಲು ಲೈಸೆನ್ಸ್ ಬೇಕು. ಹಾಗಾಗಿ ನಮ್ಮಂಥವರು ಮನೆಯಲ್ಲಿ ತುಂಬಬಹುದಾದದ್ದು ಗಾಳಿ ಮಾತ್ರ. ಪಂದ್ಯಕ್ಕೆ ಬಳಸುವ ಮ್ಯಾಚ್ ರೈಫಲ್‌ನಲ್ಲಿ ಗುಂಡನ್ನು ತಳ್ಳುವುದು ಒತ್ತಿ ತುಂಬಿದ ಗಾಳಿ. ಅದಕ್ಕೆ 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡ ಬೇಕು. ಗಾಳಿಗೆ ದುಡ್ಡಿಲ್ಲ, ತುಂಬಿಸುವುದಕ್ಕೆ ಇದೆ.

ಗಾಳಿ ತುಂಬಿಟ್ಟು ಅದರಿಂದ ರೈಫಲ್‌ಗೆ ಬಿಡುವ ದೊಡ್ಡ ಸಿಲಿಂಡರ್ ನೋಡಲು ತುಂಬ ಚೆನ್ನ. ವಾಲ್ವ್ ನಿಧಾನವಾಗಿ ತಿರುಗಿಸಿದರೆ ಒಂದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಗೆಳೆಯರೊಬ್ಬರದ್ದು ಕೆಲವು ತಿಂಗಳು ನನ್ನ ಬಳಿ ಇತ್ತು, ಬಳಸಿ ನೋಡಿದೆ. ತೊಂದರೆ ಶುರುವಾಗುವುದು ಅದು ಇಳಿದಾಗ. ಪಂಚರ್ ಅಂಗಡಿಯ ಕಂಪ್ರೆಸರ್ ಎಂಟು-ಹತ್ತು ಬಾರ್ ಕೊಡುತ್ತದೆ, ಅದು ಯಾವ ಮೂಲೆಗೂ ಸಾಲದು. ವೆಲ್ಡಿಂಗ್ ಗ್ಯಾಸ್ ಮಾರುವವರ ಬಳಿ ಹೋದರೆ ನೈಟ್ರೋಜನ್ ಸಿಲಿಂಡರ್ ಸಾಮಾನ್ಯವಾಗಿ 150 ಬಾರ್ ಆಸುಪಾಸಿನದ್ದು. ಅದರಿಂದ 200 ಬಾರ್ ತುಂಬಲು ಆಗುವುದೇ ಇಲ್ಲ, ಎರಡೂ ಕಡೆ ಒತ್ತಡ ಸಮ ಆದ ಕೂಡಲೇ ಹರಿವು ನಿಂತುಹೋಗುತ್ತದೆ. ಪಕ್ಕದಲ್ಲೇ ಆಕ್ಸಿಜನ್ ಇರುತ್ತದೆ. ಅದನ್ನು ಮಾತ್ರ ಮುಟ್ಟಲೇಬೇಡಿ. ಹೆಚ್ಚು ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ಬೆಂಕಿ ಹತ್ತಿ ರೈಫಲ್ ಸಿಡಿಯಬಹುದು, ಜೀವಕ್ಕೇ ಅಪಾಯ.

ಕೊನೆಗೆ ನಾನು ಬೆಂಗಳೂರಿಗೆ ಕಳಿಸಿ ತುಂಬಿಸಿದೆ. ಸುಮಾರು 300 ಕಿ.ಮೀ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವ ಹಾಗಿಲ್ಲ, ಹಂಪಿ ಎಕ್ಸ್‌ಪ್ರೆಸ್ ಆಸೆ ಬಿಟ್ಟುಬಿಡಿ. ಉಳಿದದ್ದು ಕಾರು. ಅಲ್ಲಿಗೆ ಹೋಗುವವರನ್ನು ಹುಡುಕಬೇಕು, ಒಪ್ಪಿಸಬೇಕು, ಅವರು ವಾಪಸ್ ಬರುವವರೆಗೆ ಅಭ್ಯಾಸ ಬಂದ್. ಮೇಲೆ ನಮ್ಮ ಬಿಸಿಲು ಬೇರೆ. 27 ಡಿಗ್ರಿಯಲ್ಲಿ 200 ಬಾರ್ ಇದ್ದ ಗಾಳಿ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿಗೆ ಕಾದರೆ ಒತ್ತಡ 220 ದಾಟುತ್ತದೆ. ಏಪ್ರಿಲ್‌ನಲ್ಲಿ ಬಳ್ಳಾರಿ ರಸ್ತೆಯಲ್ಲಿ ಡಿಕ್ಕಿಯೊಳಗೆ ಇಂಥದ್ದು ಇಟ್ಟುಕೊಂಡು ಹೋಗಲು ಯಾರಿಗಾದರೂ ಹೇಳುವುದು ನನಗೆ ಸರಿ ಕಾಣಲಿಲ್ಲ. ಜೊತೆಗೆ ಸಿಲಿಂಡರ್‌ಗೆ ಆಗಾಗ ಒತ್ತಡ ಪರೀಕ್ಷೆ ಮಾಡಿಸಬೇಕು, ಅದರ ಖರ್ಚು, ಓಡಾಟ ಬೇರೆ.

ಚಿಕ್ಕ ಎಲೆಕ್ಟ್ರಿಕ್ ಕಂಪ್ರೆಸರ್ ಒಂದು ವಾರ ಬಳಸಿದೆ. ಸದ್ದು ಜಾಸ್ತಿ, ಬೇಗ ಕಾಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಬೆಲೆಯೂ ಪಂಪಿನ ಎರಡು-ಮೂರು ಪಟ್ಟು.

ಪಂಪಿಗೆ ನಾನು ಕೊಟ್ಟದ್ದು ಸುಮಾರು 12 ಸಾವಿರ. 120 ಬಾರ್‌ನಿಂದ 200ಕ್ಕೆ ಏರಿಸಲು ನೂರರ ಆಸುಪಾಸು ಸಲ ಒತ್ತಬೇಕು. 150 ದಾಟಿದ ಮೇಲೆ ಕೈ ಬಲ ಸಾಲದು, ಮೈಭಾರವನ್ನೇ ಹಾಕಬೇಕು. ಮೇಲೆ ಎಳೆದಾಗ ಒಂದು ಕ್ಷಣ ನಿಲ್ಲಿ, ಕೆಳಗೆ ಒತ್ತಿದಾಗಲೂ ಒಂದು ಕ್ಷಣ ನಿಲ್ಲಿ. ಅವಸರ ಮಾಡಿದರೆ ಪಂಪು ಕಾಯುತ್ತದೆ, ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಬೇಗ ಹಾಳಾಗುತ್ತದೆ. ಐದು ನಿಮಿಷಕ್ಕೊಮ್ಮೆ ಆರಲು ಬಿಡಿ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಗ್ಯಾರೇಜಿನ ಗ್ರೀಸ್ ಬೇಡ.

ಇದಕ್ಕೂ ಒಂದು ಕಾಟ ಇದೆ, ತೇವ. 200 ಪಟ್ಟು ಒತ್ತಿದ ಗಾಳಿಯಲ್ಲಿ ನೀರು ಉಳಿಯಲು ಜಾಗ ಇರುವುದಿಲ್ಲ, ಹನಿಯಾಗಿ ಹೊರಬರುತ್ತದೆ. ಪಂಪಿನಲ್ಲಿ ಉಳಿದ ಗಾಳಿ ಹೊರಬಿಡುವ ಬ್ಲೀಡ್ ತಿರುಪು ಸಡಿಲಿಸಿದಾಗ ಅಂಗೈ ಅಡ್ಡ ಹಿಡಿದು ನೋಡಿ. ಮಳೆಗಾಲದಲ್ಲಿ ಬಿಳಿ ಮಂಜು ಸಿಡಿದು ಅಂಗೈ ಒದ್ದೆಯಾಗುತ್ತದೆ. ಆ ನೀರು ರೈಫಲ್ ಸಿಲಿಂಡರ್ ಒಳಗೆ ಹೋದರೆ ಲೋಹ ತಿನ್ನುತ್ತದೆ. ಹಾಗಾಗಿ ನಡುವೆ ಸಿಲಿಕಾ ಜೆಲ್ ಇರುವ ಫಿಲ್ಟರ್ ಕೂರಿಸಿದ್ದೇನೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ. ಬಳ್ಳಾರಿಯ ಒಣ ಹವೆ ಇಲ್ಲಿ ನಮ್ಮ ಪರ. ಬೇಸಿಗೆಯಲ್ಲಿ ಅಂಗೈ ಬಹುತೇಕ ಒಣಗಿಯೇ ಇರುತ್ತದೆ.

ಒಳಗಿನ ಸ್ಪ್ರಿಂಗ್ ಬಲದಿಂದಲೇ ಹೊಡೆಯುವ ಸ್ಪ್ರಿಂಗ್ ರೈಫಲ್‌ಗೆ ಗಾಳಿ ತುಂಬುವ ತಲೆನೋವೇ ಇಲ್ಲ. ಆದರೆ ಹಿಡಿತ ಚೂರು ಬದಲಾದರೂ ಗುರಿ ತಪ್ಪುತ್ತದೆ. 10 ಮೀಟರ್ ಟಾರ್ಗೆಟ್‌ನ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿ.ಮೀ. ಅಷ್ಟು ನಿಖರ ಬೇಕು ಅನ್ನುವವರಿಗೆ ಅದು ಸಾಲದು.

ನಿಜವಾದ ಖರ್ಚು ಪೆಲೆಟ್‌ನದ್ದು, ಅಂದರೆ ಏರ್ ರೈಫಲ್‌ನ ಸೀಸದ ಗುಂಡಿನದ್ದು. 4.5 ಮಿ.ಮೀ.ನ ಚಪ್ಪಟೆ ಮೂತಿಯ ಒಳ್ಳೆಯ ಮ್ಯಾಚ್ ಪೆಲೆಟ್ 500ರ ಡಬ್ಬಿಗೆ ನನಗೆ ಬಿದ್ದದ್ದು ಒಂದಕ್ಕೆ ಎರಡೂವರೆ ರೂಪಾಯಿ. ಪಂದ್ಯದಂತೆ 60 ಗುಂಡು, ಮೊದಲು ಗುರಿ ಹೊಂದಿಸಿಕೊಳ್ಳಲು (ಸೈಟಿಂಗ್) 20 ಅಂದರೆ ಸಂಜೆಗೆ 200 ರೂಪಾಯಿ. ಅಗ್ಗದ ಪೆಲೆಟ್ ಅದರ ಕಾಲು ಭಾಗಕ್ಕೆ ಸಿಗುತ್ತದೆ, ಆದರೆ ಬಾಲ ಬಾಗಿದವು, ಸೀಸದ ಪುಡಿ ಅಂಟಿದವು ಆರಿಸಿ ಬಿಸಾಡಿದರೆ ಉಳಿತಾಯ ಕರಗುತ್ತದೆ. ಯಾವುದನ್ನೇ ಹೊಡೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಒಳ್ಳೆಯದಲ್ಲ.

ಸಿಲಿಂಡರ್‌ಗೆ ಹಾಕಬೇಕಿದ್ದ ದುಡ್ಡಲ್ಲಿ ನನಗೆ ಬಹುತೇಕ ಒಂದು ವರ್ಷದ ಪೆಲೆಟ್ ಬಂತು. ನಾನು ಒಬ್ಬನೇ, ವಾರದಲ್ಲಿ ಎರಡು-ಮೂರು ಸಂಜೆ ಹೊಡೆಯುವವನು, ಪಂಪು ಸಾಕು. ಮೊಣಕಾಲು, ಸೊಂಟ ನೋವಿರುವವರಿಗೆ ಪಂಪು ಹೇಳುವುದಿಲ್ಲ. ನಾಲ್ಕೈದು ಜನ ಸೇರಿ ಅಭ್ಯಾಸ ಮಾಡುವುದಾದರೆ ದುಡ್ಡು ಹಾಕಿ ದೊಡ್ಡ ಕಂಪ್ರೆಸರ್ ಒಂದನ್ನು ತಗೊಳ್ಳಿ. ಸಿಲಿಂಡರ್ ಮಾತ್ರ, ಊರಲ್ಲೇ ತುಂಬಿಸಿಕೊಡುವವರು ಸಿಗುವವರೆಗೆ, ಬೇಡ.