ಓಪನ್‌ಬಿಎಸ್‌ಡಿ: ವರ್ಷಗಟ್ಟಲೆ ಬಳಸಿದ ಮೇಲೆ ಹೇಳಬೇಕಾದ್ದು

ಓಪನ್‌ಬಿಎಸ್‌ಡಿ ಅಂದರೆ ಭದ್ರತೆಗೆ ಹೆಸರಾದ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್. ಅದರ ಹೊಸ ಆವೃತ್ತಿ ಆರು ತಿಂಗಳಿಗೊಂದು ಬರುತ್ತದೆ. ಹಾಕಿಕೊಂಡು ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಅದೇ ಪರದೆ, ಅದೇ ಲಾಗಿನ್ ಸಾಲು. ಬಿಡುಗಡೆ ಟಿಪ್ಪಣಿ ತೆಗೆದರೆ ಮಾತ್ರ ಉದ್ದಕ್ಕೂ ಒಂದೊಂದು ಸಾಲಿನ ತಿದ್ದುಪಡಿಗಳು: ಇಲ್ಲೊಂದು ಡ್ರೈವರ್, ಅಲ್ಲೊಂದು ಲಾಕ್ ತೆಗೆದದ್ದು, ಇನ್ನೆಲ್ಲೋ ಒಂದು ಮೆಮೊರಿ ಸೋರಿಕೆ ನಿಲ್ಲಿಸಿದ್ದು. ರೂಟರ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಇದನ್ನೇ ಓಡಿಸುತ್ತಾ ಬಂದಿದ್ದೇನೆ. ಎಷ್ಟು ಬದಲಾಗಿದೆ ಅಂತ ಗೊತ್ತಾಗುವುದು ಹಳೆಯ ಆವೃತ್ತಿಯ ಮೆಷಿನ್ ಮುಂದೆ ಕೂತಾಗಲೇ.

ಅಪ್‌ಗ್ರೇಡ್ ವಿಷಯವನ್ನೇ ನೋಡಿ. ಮೊದಲೆಲ್ಲ ಭದ್ರತೆಯ ತಿದ್ದುಪಡಿ ಬಂದರೆ ಸೋರ್ಸ್ ಇಳಿಸಿಕೊಂಡು, ಪ್ಯಾಚ್ ಹಚ್ಚಿ, ನಾವೇ ಕಂಪೈಲ್ ಮಾಡಬೇಕಿತ್ತು. 2017ರಲ್ಲಿ 6.1ನೇ ಆವೃತ್ತಿಯ ಜೊತೆ, ಸಿದ್ಧ ತಿದ್ದುಪಡಿಯನ್ನು ತಾನೇ ಇಳಿಸಿ ಹಾಕುವ ಸಿಸ್‌ಪ್ಯಾಚ್ ಬಂತು, ಆ ಗೋಳು ತಪ್ಪಿತು. 2019ರಲ್ಲಿ 6.6ರ ಜೊತೆ ಸಿಸ್‌ಅಪ್‌ಗ್ರೇಡ್ ಬಂತು. ಒಂದು ಕಮಾಂಡ್ ಕೊಟ್ಟರೆ ಸಾಕು, ಬೇಕಾದ ಫೈಲ್‌ಗಳನ್ನು ಇಳಿಸಿ, ಸಹಿ ಸರಿಯಿದೆಯಾ ನೋಡಿ, ತಾನೇ ರೀಬೂಟ್ ಆಗಿ, ಕೆಲಸ ಮುಗಿಸಿ, ಇನ್ನೊಮ್ಮೆ ರೀಬೂಟ್ ಆಗಿ ಹೊಸ ಆವೃತ್ತಿಯಲ್ಲಿ ಎದ್ದು ಕೂರುತ್ತದೆ. ಆಮೇಲೆ ಪ್ಯಾಕೇಜ್‌ಗಳನ್ನು ಮೇಲೇರಿಸಿದರೆ ಆಯಿತು. ಪರದೆ ಕೀಬೋರ್ಡ್ ಇಲ್ಲದ ರೂಟರ್‌ಗೆ ಇದು ದೊಡ್ಡ ವಿಷಯ, ಅಲ್ವಾ? ವೈಫೈ ಕೂಡ ಹಾಗೇ. 6.4ರ ತನಕ ಜಾಗ ಬದಲಾದಾಗೆಲ್ಲ ನೆಟ್‌ವರ್ಕ್ ಹೆಸರು ಕೈಯಾರೆ ಕೊಡಬೇಕಿತ್ತು, ಇಲ್ಲವೇ ಸ್ವಂತ ಸ್ಕ್ರಿಪ್ಟ್ ಬರೆದುಕೊಳ್ಳಬೇಕಿತ್ತು. ಈಗ ಗೊತ್ತಿರುವ ನೆಟ್‌ವರ್ಕ್‌ಗಳನ್ನೆಲ್ಲ ಒಂದು ಫೈಲ್‌ನಲ್ಲಿ ಸಾಲಾಗಿ ಬರೆದಿಟ್ಟರೆ ಯಾವುದು ಸಿಗುತ್ತದೋ ಅದಕ್ಕೆ ಸೇರಿಕೊಳ್ಳುತ್ತದೆ.

ನನಗೆ ಇಷ್ಟವಾಗಿದ್ದು ಪ್ಲೆಡ್ಜ್ ಮತ್ತು ಅನ್‌ವೀಲ್ ಬೆಳೆದ ರೀತಿ. ಪ್ಲೆಡ್ಜ್ 2016ರಲ್ಲಿ 5.9ರೊಂದಿಗೆ ಬಂತು. ಒಂದು ಪ್ರೋಗ್ರಾಂ "ನಾನು ಫೈಲ್ ಓದುತ್ತೇನೆ, ಅಷ್ಟೇ" ಅಂತ ಶುರುವಿನಲ್ಲೇ ಕರ್ನಲ್‌ಗೆ, ಅಂದರೆ ಸಿಸ್ಟಮ್‌ನ ತಿರುಳಿಗೆ, ಹೇಳಿಬಿಡುತ್ತದೆ. ಆಮೇಲೆ ನೆಟ್‌ವರ್ಕ್‌ಗೆ ಕೈ ಹಾಕಿದರೆ ಕರ್ನಲ್ ಅದನ್ನು ಅಲ್ಲೇ ಕೊಲ್ಲುತ್ತದೆ. ಅನ್‌ವೀಲ್ 2018ರಲ್ಲಿ 6.4ರ ಜೊತೆ ಬಂತು, ಡಿಸ್ಕ್‌ನ ಯಾವ ಭಾಗ ಕಣ್ಣಿಗೆ ಬೀಳಬೇಕು ಅನ್ನುವುದಕ್ಕೆ ಮಿತಿ ಹಾಕುತ್ತದೆ. ಇವೆರಡೂ ಬಂದ ದಿನವೇ ಎಲ್ಲ ಕಡೆ ಹರಡಲಿಲ್ಲ. ಒಂದೊಂದು ಆವೃತ್ತಿಯಲ್ಲಿ ಇನ್ನೊಂದಿಷ್ಟು ಪ್ರೋಗ್ರಾಂಗಳಿಗೆ ಸೇರಿಸುತ್ತಾ ಹೋದರು. ಕೊನೆಗೆ ಫೈರ್‌ಫಾಕ್ಸ್, ಕ್ರೋಮಿಯಂಗೂ ತಲುಪಿತು. ಫೈರ್‌ಫಾಕ್ಸ್‌ನಲ್ಲಿ ಏನಾದರೂ ಅಪ್‌ಲೋಡ್ ಮಾಡಲು ಹೋದರೆ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಅದಕ್ಕೆ ಕಾಣುವುದೇ ಇಲ್ಲ. ಡೌನ್‌ಲೋಡ್ಸ್ ಫೋಲ್ಡರ್ ಕಾಣುತ್ತದೆ. ಬೇರೆ ಮೆಷಿನ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಕಳಿಸಬೇಕಾದ ಫೈಲನ್ನು ಮೊದಲು ಡೌನ್‌ಲೋಡ್ಸ್‌ಗೆ ಕಾಪಿ ಮಾಡಿಕೊಳ್ಳುವುದು ಸ್ವಲ್ಪ ದಿನ ಕಿರಿಕಿರಿ. ಬೇರೆ ಫೋಲ್ಡರ್ ಸೇರಿಸಲು ಸೆಟ್ಟಿಂಗ್ ಇದೆ, ನಾನು ಮುಟ್ಟಿಲ್ಲ.

ಮೈಕ್ ಮತ್ತು ಕ್ಯಾಮೆರಾ ಕೂಡ ನಾವು ತೆರೆಯುವ ತನಕ ಬಂದ್. ಮೈಕ್ ಕೆಲಸ ಮಾಡುತ್ತಿರುವಂತೆಯೇ ತೋರುತ್ತದೆ, ಆದರೆ ರೆಕಾರ್ಡ್ ಆಗುವುದು ಬರೀ ಮೌನ. ಮೀಟಿಂಗ್‌ಗೆ ಮುಂಚೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಸಿಸ್ಟಮ್ ಸೆಟ್ಟಿಂಗ್ ಬದಲಿಸುವ ಸಿಸ್‌ಕಂಟ್ರೋಲ್ ಕಮಾಂಡ್‌ನಲ್ಲಿ ತೆರೆಯಬೇಕು. ಹೊಸಬರಿಗೆ ಇದು ತಲೆನೋವು, ಖಂಡಿತ.

ಇಲ್ಲಿ ಸುಧಾರಣೆ ಅಂದರೆ ಸೇರಿಸುವುದಷ್ಟೇ ಅಲ್ಲ, ಕಿತ್ತುಹಾಕುವುದೂ ಹೌದು. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದ ಮೇಲೆ ಆ ದೋಷವಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಕೋಡ್ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಶುರು ಮಾಡಿದರು. ಮೊದಲು ಮಾಡಿದ ಕೆಲಸವೇ ಗುಡಿಸುವುದು: ವಿಎಂಎಸ್, ಓಎಸ್/2, ಹಳೇ ಮ್ಯಾಕ್ ಹೀಗೆ ಹಳೆಯ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಇದ್ದ ಕೋಡ್ ಹೊರಗೆ. ಅದೇ ವರ್ಷ ಬ್ಲೂಟೂತ್ ಕೂಡ ಹೋಯಿತು. ಇವತ್ತಿಗೂ ವಾಪಸ್ ಬಂದಿಲ್ಲ! 2015ರಲ್ಲಿ, ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಜಾಗಕ್ಕೆ ಡೂಆಸ್ ಬಂತು, ಅದರ ಕಾನ್ಫಿಗ್ ನನ್ನಲ್ಲಿ ಒಂದೇ ಸಾಲು. 2018ರಿಂದ ಹೈಪರ್‌ಥ್ರೆಡಿಂಗ್ (ಪ್ರೊಸೆಸರ್‌ನ ಒಂದು ಕೋರ್ ಎರಡರಂತೆ ಕೆಲಸ ಮಾಡುವುದು) ತಾನಾಗೇ ಆಫ್ ಇರುತ್ತದೆ, ಬೇಕಾದವರು ಆನ್ ಮಾಡಿಕೊಳ್ಳಬಹುದು. ಇದೆಲ್ಲ ನನಗೆ ಒಪ್ಪಿಗೆ.

ಒಪ್ಪಲು ಕಷ್ಟವಾಗಿದ್ದು ಸಾಫ್ಟ್‌ಡೆಪ್. ಸಣ್ಣ ಸಣ್ಣ ಫೈಲ್‌ಗಳು ಜಾಸ್ತಿ ಇರುವ ಕೆಲಸಕ್ಕೆ ಫೈಲ್‌ಸಿಸ್ಟಮ್ ವೇಗವಾಗಿ ಓಡಲು ಇದ್ದ ಆಯ್ಕೆ ಅದು. 2023ರಲ್ಲಿ 7.4ರಲ್ಲಿ ನಿಲ್ಲಿಸಿದರು. ಕಾರಣ ಕೊಟ್ಟರು: ಫೈಲ್‌ಸಿಸ್ಟಮ್ ಪದರದಲ್ಲಿ ಮುಂದಿನ ಕೆಲಸಕ್ಕೆ ಆ ಕೋಡ್ ಅಡ್ಡ ಬರುತ್ತಿದೆ ಅಂತ. ಕಾರಣ ಸರಿ ಇರಬಹುದು, ಆದರೆ ದೊಡ್ಡ ಸೋರ್ಸ್ ಆರ್ಕೈವ್ ಬಿಚ್ಚುವಾಗ ಕಾಯುವವರು ನಾವು. ಡಿಸ್ಕ್‌ಗೆ ಮಾಡುವ ಬದಲಾವಣೆಯನ್ನು ಮೊದಲೇ ದಾಖಲಿಸಿಡುವ ಜರ್ನಲಿಂಗ್ ಅಂತೂ ಇಲ್ಲ, ಹಾಗಾಗಿ ಕರೆಂಟ್ ಹಠಾತ್ತನೆ ಹೋದರೆ ಮುಂದಿನ ಬೂಟ್‌ನಲ್ಲಿ ಡಿಸ್ಕ್ ಪರೀಕ್ಷೆ. ಡಿಸ್ಕ್ ದೊಡ್ಡದಾದಷ್ಟೂ ಕಾಯುವುದು ಜಾಸ್ತಿ. ಇಷ್ಟು ವರ್ಷ ಇಷ್ಟೊಂದು ಜಾಗಗಳಲ್ಲಿ ನಾಜೂಕಾಗಿ ತಿದ್ದಿದವರು ಇದೊಂದನ್ನು ಹೀಗೇ ಬಿಟ್ಟಿದ್ದಾರಲ್ಲ ಅನಿಸುತ್ತದೆ.

ಇನ್ನೊಂದು ವಿಚಿತ್ರ: ಪ್ರತಿ ಬೂಟ್ ಆದ ಮೇಲೆ ಹಿನ್ನೆಲೆಯಲ್ಲಿ ಕರ್ನಲ್‌ನ ತುಂಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ಮುಂದಿನ ಸಲಕ್ಕೆ ಹೊಸ ಕರ್ನಲ್ ತಯಾರಾಗುತ್ತದೆ. 2017ರ 6.2ರಿಂದ ಹೀಗೆ. ದಾಳಿ ಮಾಡುವವನಿಗೆ ಒಂದು ಮೆಷಿನ್‌ನ ವಿಳಾಸಗಳು ಇನ್ನೊಂದರಲ್ಲಿ ಉಪಯೋಗಕ್ಕೆ ಬರಬಾರದು ಅನ್ನುವ ಲೆಕ್ಕ. ಹೊಸ ಮೆಷಿನ್‌ನಲ್ಲಿ ಗೊತ್ತೇ ಆಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೆ ಲಾಗಿನ್ ಆದ ತಕ್ಷಣ ಸುಮ್ನೆ ಯಾಕೆ ಫ್ಯಾನ್ ತಿರುಗುತ್ತಿದೆ ಅಂತ ನೋಡುತ್ತೀರಿ, ಇದೇ ಕಾರಣ.

ಕೊಳ್ಳುವ ಮುಂಚೆ ಹಾರ್ಡ್‌ವೇರ್ ನೋಡಿಕೊಳ್ಳಿ. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಈ ಕಡೆ ಬರಬೇಡಿ, ವೇಗವರ್ಧನೆ ಇಲ್ಲ. ಇಂಟೆಲ್ ಅಥವಾ ಎಎಂಡಿ ಇದ್ದರೆ ಚಿಂತೆ ಕಡಿಮೆ. ಬೆಂಬಲ ಸಿಗುವುದು ಇತ್ತೀಚಿನ ಎರಡು ಆವೃತ್ತಿಗಳಿಗೆ ಮಾತ್ರ, ಅಂದರೆ ಸುಮಾರು ಒಂದು ವರ್ಷ. ಒಮ್ಮೆ ಹಾಕಿ ಐದು ವರ್ಷ ಮರೆತುಬಿಡುವವರಿಗೆ ಹೇಳಿದ್ದಲ್ಲ.

ರೂಟರ್‌ಗೆ ಐದಕ್ಕೆ ಐದು. ಲ್ಯಾಪ್‌ಟಾಪ್‌ಗೆ ಮೂರೂವರೆ, ಆ ಒಂದೂವರೆ ಕಳೆದಿದ್ದು ಫೈಲ್‌ಸಿಸ್ಟಮ್‌ಗೆ ಮತ್ತು ಬ್ಲೂಟೂತ್‌ಗೆ.