ತರಂಗಾಂತರ: ಹರಾಜು, ಮುಕ್ತ ಬಳಕೆ, ಹಂಚಿಕೆ – ಯಾವುದು ಎಲ್ಲಿಗೆ?

ಮೊಬೈಲ್, ವೈಫೈಗಳೆಲ್ಲ ನಡೆಯುವ ರೇಡಿಯೊ ತರಂಗಾಂತರವನ್ನು ಸರ್ಕಾರ ಬಳಕೆಗೆ ಕೊಡಲು ಮೂರು ದಾರಿಗಳಿವೆ.

ಮೊದಲನೆಯದು ಒಬ್ಬರಿಗೇ ಪೂರ್ತಿ ಹಕ್ಕು. ಅಮೆರಿಕದಲ್ಲಿ ಇದಕ್ಕೆ ಹರಾಜು 1994ರಲ್ಲಿ ಶುರುವಾಯಿತು. ಟವರ್‌ಗಳಿಗೆ ದುಡ್ಡು ಸುರಿಯುವವರಿಗೆ ಬೇರೆಯವರ ಅಡ್ಡಿ ಇರಬಾರದು, ಅಲ್ವಾ? ದೂರದವರೆಗೆ ಹಬ್ಬುವ ಮೊಬೈಲ್ ಜಾಲಕ್ಕೆ ಇದೇ ಸರಿ. ಆದರೆ ಟವರ್ ಹಾಕದ ಕಡೆ ತರಂಗಾಂತರ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಎರಡನೆಯದು ಲೈಸೆನ್ಸ್ ಬೇಡದ ಬಳಕೆ. 1985ರಲ್ಲಿ ಅಮೆರಿಕ 2.4 ಗಿಗಾಹರ್ಟ್ಸ್ ಸುತ್ತಲಿನ ಜಾಗವನ್ನು ಹೀಗೆ ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆಗಳ ಗದ್ದಲವಿದ್ದ ಆ ಜಾಗದಲ್ಲೇ ಮುಂದೆ ವೈಫೈ, ಬ್ಲೂಟೂತ್ ಬೆಳೆದವು. ಮನೆ, ಕಚೇರಿಯೊಳಗೆ ಚೆನ್ನ. ಬೇರೆಯವರ ಅಡ್ಡಿ ಬರುವುದಿಲ್ಲ ಎಂಬ ಖಾತರಿ ಮಾತ್ರ ಇಲ್ಲ.

ಮೂರನೆಯದು ಹಂಚಿಕೆ, ಅಂದರೆ ಒಂದೇ ತರಂಗಾಂತರವನ್ನು ಹಲವರು ಹಂಚಿಕೊಂಡು ಬಳಸುವುದು. ನನ್ನ ಒಲವು ಜಾಸ್ತಿ ಇದರ ಕಡೆಗೆ. ಹಳೆಯ ರೇಡಿಯೊಗಳಿಗೆ ಅಕ್ಕಪಕ್ಕದ ಸದ್ದನ್ನು ಬೇರ್ಪಡಿಸುವುದು ಕಷ್ಟವಿತ್ತು. ಅದಕ್ಕೇ ಒಬ್ಬೊಬ್ಬರ ತರಂಗಾಂತರದ ನಡುವೆ ಗಟ್ಟಿ ಬೇಲಿ ಬೇಕಿತ್ತು. ಈಗಿನವು ಕೇಳಿಸಿಕೊಂಡು ಬೇರೆ ಚಾನೆಲ್‌ಗೆ ಸರಿಯಬಲ್ಲವು. ಅಮೆರಿಕದ 3550–3700 ಮೆಗಾಹರ್ಟ್ಸ್‌ನಲ್ಲಿ ನೌಕಾಪಡೆಯ ರಾಡಾರ್‌ಗೆ ಮೊದಲ ಸ್ಥಾನ. ಹರಾಜಿನಲ್ಲಿ ಕೊಂಡವರಿಗೆ ಎರಡನೆಯದು. ಉಳಿದಿದ್ದು ಎಲ್ಲರಿಗೂ. ಕರಾವಳಿಯ ಸೆನ್ಸರ್‌ಗಳು ರಾಡಾರ್ ಗುರುತಿಸಿದರೆ, ಸಾಫ್ಟ್‌ವೇರ್ ಉಳಿದವರಿಗೆ ಜಾಗ ಬಿಡಲು ಹೇಳುತ್ತದೆ. ನಿರ್ವಹಣೆ ಸ್ವಲ್ಪ ತೊಡಕು, ನಿಜ.

ದೂರ ಸಾಗುವ 700 ಮೆಗಾಹರ್ಟ್ಸ್‌ನಂಥ ಬ್ಯಾಂಡ್‌ಗೆ (ತರಂಗಾಂತರದ ಪಟ್ಟಿಗೆ) ಹರಾಜು ಆರಿಸಿ. ಗೋಡೆ ದಾಟಲು ಒದ್ದಾಡುವ 60 ಗಿಗಾಹರ್ಟ್ಸ್ ಮುಕ್ತವಾಗಿರಲಿ. ಹಳೆಯ ಬಳಕೆದಾರರನ್ನು ಎಬ್ಬಿಸಲಾಗದ ಕಡೆ ಹಂಚಿಕೆ ಮಾಡಿ. ಲೈಸೆನ್ಸ್ ಅವಧಿಯನ್ನು ಮಾತ್ರ ತೀರಾ ಉದ್ದ ಇಡಬೇಡಿ, ತಂತ್ರಜ್ಞಾನ ಅಷ್ಟು ಕಾಯುವುದಿಲ್ಲ.