ಆರ್‌ಪಿಎಂ ಸರಿಯಿತ್ತು, ಎಂಜಿನ್ ಬೆಂದುಹೋಯಿತು

ಮಲ್ಪೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ನನ್ನ 21 ಅಡಿಯ ಫೈಬರ್ ಸ್ಪೀಡ್ ಬೋಟು ಕಳೆದ ಡಿಸೆಂಬರಿನಲ್ಲಿ, ಜನ ಮುಗಿಬೀಳುವ ದಿನಗಳಲ್ಲೇ, ಕಡಲ ನಡುವೆ ಎಂಜಿನ್ ಬಿಸಿಯಾಗಿ ನಿಂತಿತು. ಬೋಟಿನಲ್ಲಿ ಎಂಟು ಮಂದಿ, ಅವರಲ್ಲಿ ಇಬ್ಬರು ಮಕ್ಕಳು. ದಡಕ್ಕೆ ಮರಳುತ್ತಿದ್ದ ನಾಡದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಹಣ ಕೊಡಲು ಹೋದರೆ ಮುಟ್ಟಲಿಲ್ಲ. ತಪ್ಪು ಎಂಜಿನಿನದ್ದಲ್ಲ. ಇನ್ನಷ್ಟು ವೇಗ ಬೇಕೆಂದ ನನ್ನದು, ಅದಕ್ಕೆ ತಲೆಯಾಡಿಸಿದ ಮೆಕ್ಯಾನಿಕನದ್ದು.

ಮೊದಲು ಎಲ್ಲವೂ ಚೆನ್ನಾಗಿಯೇ ಇತ್ತು. ಬೋಟಿನ ಹಿಂಬದಿಗೆ ಹೊರಗೆ ಕೂರಿಸಿದ 115 ಎಚ್‌ಪಿ ಎಂಜಿನಿಗೆ 17 ಇಂಚು ಪಿಚ್‌ನ, ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ 17 ಇಂಚು ಮುಂದೆ ಸಾಗುವ, ಅಲ್ಯೂಮಿನಿಯಂ ಪ್ರೊಪೆಲ್ಲರ್. ಪ್ರೊಪೆಲ್ಲರಿನ ಮೇಲೆ ಛಾವಣಿಯಂತೆ ಚಾಚಿರುವ ಚಪ್ಪಟೆ ಪ್ಲೇಟು ಬೋಟಿನ ತಳದ ಮಟ್ಟಕ್ಕೇ ಇತ್ತು. ಪೂರ್ತಿ ಥ್ರಾಟಲ್ ಕೊಟ್ಟರೆ 5600 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), 32 ನಾಟ್ (ಗಂಟೆಗೆ ಸುಮಾರು 59 ಕಿಲೋಮೀಟರ್). ಮೆಕ್ಯಾನಿಕ್ ಹೇಳಿದ: "ಅಣ್ಣ, ಎಂಜಿನನ್ನು ಮೂರು ತೂತು ಮೇಲೆ ಏರಿಸೋಣ, 19 ಪಿಚ್‌ನ ಸ್ಟೀಲ್ ಫ್ಯಾನ್ ಹಾಕೋಣ, ಬೋಟು ಹಾರುತ್ತದೆ." ಫ್ಯಾನ್ ಎಂದರೆ ಪ್ರೊಪೆಲ್ಲರ್; ತೂತೆಂದರೆ ಎಂಜಿನನ್ನು ಬೋಟಿನ ಹಿಂಬದಿಗೆ ಬೋಲ್ಟ್ ಹಾಕಿ ಕೂರಿಸಲು ಒಂದರ ಕೆಳಗೊಂದು ಇರುವ ತೂತುಗಳು. ಅವನ ತರ್ಕದಲ್ಲಿ ಅರ್ಧ ಸತ್ಯವಿದೆ. ನೀರಿನೊಳಗೆ ಎಂಜಿನಿನ ಕಾಲು, ಅಂದರೆ ಪ್ರೊಪೆಲ್ಲರ್ ಇರುವ ಕೆಳಭಾಗ, ಕಡಿಮೆ ಮುಳುಗಿದಷ್ಟೂ ಎಳೆತ ಕಡಿಮೆ. ಆದರೆ ಒಂದು ತೂತಿಗೆ ಸುಮಾರು 19 ಮಿಲಿಮೀಟರಿನಂತೆ ಮೂರು ತೂತೆಂದರೆ 57 ಮಿಲಿಮೀಟರ್. ಅದನ್ನೂ ಒಂದೇ ಸಲಕ್ಕೆ.

ಪರೀಕ್ಷೆಗೆ ಹೋದದ್ದು ನಾವಿಬ್ಬರೇ, ಕಾಲು ಟ್ಯಾಂಕ್ ಪೆಟ್ರೋಲು, ಅಲೆಯಿಲ್ಲದ ಬೆಳಗಿನ ಕಡಲು. 5700 ಆರ್‌ಪಿಎಂ ಬಂತು. ಈ ಎಂಜಿನಿನ ಮಿತಿ 5000ದಿಂದ 6000. "ನೋಡಿ, ಎಷ್ಟು ಸರಿಯಾಗಿ ಕೂತಿದೆ" ಎಂದ. ವೇಗ 33 ನಾಟ್. ಒಂದೇ ಒಂದು ನಾಟ್ ಹೆಚ್ಚಾಗಿದ್ದಕ್ಕೆ ಅಷ್ಟು ಹಣ ಎಣಿಸಿಕೊಟ್ಟೆನಲ್ಲ ಎಂದು ಆಗಲೇ ಹೊಳೆಯಬೇಕಿತ್ತು.

ಲೆಕ್ಕ ಹಾಕಿದ್ದು ಎಂಜಿನ್ ಬೆಂದ ಮೇಲೆ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತ ಮತ್ತು 1215ರ ಗುಣಲಬ್ಧದಿಂದ ಭಾಗಿಸಿದರೆ, ಪ್ರೊಪೆಲ್ಲರ್ ಸ್ವಲ್ಪವೂ ಜಾರದಿದ್ದರೆ ಬರಬೇಕಾದ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ನನ್ನ ಗೇರ್ ಅನುಪಾತ 2.15, ಅಂದರೆ ಎಂಜಿನ್ 2.15 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಹಳೆಯ ಹೊಂದಿಕೆಯಲ್ಲಿ 36.4 ಬರಬೇಕಿದ್ದಲ್ಲಿ 32 ಬರುತ್ತಿತ್ತು; ಜಾರುವಿಕೆ ಶೇಕಡ 12. ಹೊಸದರಲ್ಲಿ 41.5 ಬರಬೇಕಿದ್ದಲ್ಲಿ 33, ಶೇಕಡ 20. ಪಿಚ್ ಒಂದು ಇಂಚು ಹೆಚ್ಚಾದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯಬೇಕು. ಎರಡು ಇಂಚು ಹೆಚ್ಚಿಸಿದರೂ ನಮ್ಮದು ಏರಿತ್ತು! ಎತ್ತರದಲ್ಲಿದ್ದ ಪ್ರೊಪೆಲ್ಲರ್ ನೀರಿನ ಮೇಲ್ಮೈಯಿಂದ ಗಾಳಿ ಎಳೆದುಕೊಂಡು ಹಗುರಾಗಿ ತಿರುಗುತ್ತಿತ್ತು. ಅತಿಯಾದ ಪಿಚ್ ಎಂಬ ತಪ್ಪನ್ನು ಅತಿಯಾದ ಎತ್ತರ ಎಂಬ ತಪ್ಪು ಮುಚ್ಚಿಟ್ಟಿತ್ತು. ಮೀಟರಿನ ಮುಳ್ಳು ಮಾತ್ರ ನಡುವೆ ನಿಂತು ನಗುತ್ತಿತ್ತು.

ಪ್ರವಾಸಿಗರು ಹತ್ತಿದ ಮೇಲೆ ಬಣ್ಣ ಬಯಲಾಯಿತು. ಬೋಟು ನೀರಿನ ಮೇಲಕ್ಕೆ ಏಳಲು ಹೆಣಗುತ್ತಿತ್ತು, ಆರ್‌ಪಿಎಂ 4300 ದಾಟುತ್ತಿರಲಿಲ್ಲ. ಹಾಗೆ ಏದುಸಿರು ಬಿಡುತ್ತಾ ದಿನವಿಡೀ ದುಡಿಯುವುದು ಎಂಜಿನಿಗೆ ವಿಷ. ತಿರುವಿನಲ್ಲಿ ಮಾತ್ರ ಎಂಜಿನ್ ಇದ್ದಕ್ಕಿದ್ದಂತೆ ಕಿರುಚುತ್ತಿತ್ತು, ಬೋಟಿನ ವೇಗ ಕುಸಿಯುತ್ತಿತ್ತು. ಹೊಸ ಫ್ಯಾನು, ಒಗ್ಗಬೇಕು ಎಂದುಕೊಂಡೆ. ಫ್ಯಾನೇನು ಹೊಸ ಚಪ್ಪಲಿಯೇ ಒಗ್ಗುವುದಕ್ಕೆ!

ಎಂಜಿನನ್ನು ಕೊಂದದ್ದು ಇದಾವುದೂ ಅಲ್ಲ. ತಂಪಿನ ನೀರು ಒಳಹೋಗುವ ಜಾಲರಿ ಆ ಪ್ಲೇಟಿನ ಕೆಳಗೆ, ಎಂಜಿನಿನ ಕಾಲಿನ ಎರಡೂ ಬದಿಗೆ ಇದೆ. ಜೆಟ್ಟಿಯಲ್ಲಿ ನಿಂತಾಗ ಹಿಂಭಾಗ ಆಳಕ್ಕೆ ಮುಳುಗಿರುತ್ತದೆ, ಜಾಲರಿಯೂ ನೀರೊಳಗೆ, ಎಂಜಿನಿನ ಹಿಂಬದಿಯ ಸಣ್ಣ ಕಿಂಡಿಯಿಂದ ತಂಪಿನ ನೀರಿನ ಧಾರೆ ಜೋರಾಗಿ ಬೀಳುತ್ತದೆ. ನಾನು ಪ್ರತಿ ಬೆಳಿಗ್ಗೆ ನೋಡುತ್ತಿದ್ದದ್ದು ಅದನ್ನೇ. ಓಟ ಹಿಡಿದು ಟ್ರಿಮ್ ಎತ್ತಿದಾಗ, ಅಂದರೆ ಎಂಜಿನಿನ ಕಾಲನ್ನು ಹಿಂದಕ್ಕೆ ಮೇಲೆ ವಾಲಿಸಿದಾಗ, ಅದೇ ಜಾಲರಿ ನೀರಿನ ಜೊತೆ ಗಾಳಿಯನ್ನೂ ಹೀರುತ್ತಿತ್ತು. ಪಂಪಿನೊಳಗಿನ ರಬ್ಬರ್ ಚಕ್ರಕ್ಕೆ ನೀರೇ ಎಣ್ಣೆ. ನೀರು ಸಾಕಷ್ಟು ಸಿಗದೆ ಆ ಚಕ್ರದ ಎಸಳುಗಳು ಹರಿದು, ಚೂರುಗಳು ನೀರಿನ ದಾರಿಗೆ ಸಿಕ್ಕಿಕೊಂಡಿದ್ದವು. ಬಿಸಿಗೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನಿನ ತಲೆ ಮತ್ತು ಬ್ಲಾಕಿನ ನಡುವಿನ ಸೀಲು, ಹೋಯಿತು. ಮೂರು ವಾರ ಬೋಟು ದಡದಲ್ಲಿ.

ನಿಮ್ಮ ಬೋಟಿನ ಎಂಜಿನನ್ನು ಏರಿಸುವುದಿದ್ದರೆ ಒಂದು ಸಲಕ್ಕೆ ಒಂದೇ ತೂತು ಏರಿಸಿ, ಅದೇ ದಿನ ಪ್ರೊಪೆಲ್ಲರ್ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ನಿತ್ಯ ಹೊರುವಷ್ಟು ಭಾರ ತುಂಬಿಯೇ ಪರೀಕ್ಷಿಸಿ. ಜನರಿಲ್ಲದಿದ್ದರೆ ನೀರು ತುಂಬಿದ ಕ್ಯಾನುಗಳಾದರೂ ಇರಲಿ. ತಿರುವು ತೆಗೆದುಕೊಳ್ಳುವ ಮೊದಲು ಎಳೆದರೆ ಎಂಜಿನ್ ನಿಲ್ಲುವ ಕಿಲ್ ಸ್ವಿಚ್‌ನ ದಾರವನ್ನು ಮೈಗೆ ಕಟ್ಟಿಕೊಳ್ಳಿ. ಎಲ್ಲಕ್ಕಿಂತ ಮೊದಲು ನೀರಿನ ಒತ್ತಡ ತೋರಿಸುವ ಗೇಜು ಹಾಕಿಸಿ, ಅದನ್ನು ಓಟದಲ್ಲಿ, ತಿರುವಿನಲ್ಲಿ, ಟ್ರಿಮ್ ಎತ್ತಿದಾಗ ನೋಡಿ. ಮುಳ್ಳು ಬಿದ್ದರೆ ಥ್ರಾಟಲ್ ಇಳಿಸಿ, ಎಂಜಿನನ್ನು ಒಂದು ತೂತು ಕೆಳಗಿಳಿಸಿ.

ನನ್ನದೀಗ ಒಂದೇ ತೂತು ಮೇಲಿದೆ, ಹಳೆಯ 17ರ ಫ್ಯಾನು. ಎಂಟು ಮಂದಿ ಕೂತರೂ 5300 ಬರುತ್ತದೆ. 19ರ ಸ್ಟೀಲ್ ಫ್ಯಾನನ್ನು ಅರ್ಧ ಬೆಲೆಗೆ ವಾಪಸು ಪಡೆಯುತ್ತೇನೆಂದು ಆ ಮೆಕ್ಯಾನಿಕ್ ಹೇಳಿಕಳಿಸಿದ್ದಾನೆ. ಇನ್ನು ಯಾರ ಬೋಟಿಗೆ ಕಟ್ಟುತ್ತಾನೋ ಎಂದು ಕೊಡಲಿಲ್ಲ.